ವರ್ಷಕ್ಕೆ 36 ಚಿತ್ರ

ಹೊಸ ವರ್ಷ ಬಂತೆಂದರೆ ಎಲ್ಲರಿಗೂ ಒಂದೊಂದು ಸಂಕಲ್ಪ. ಒಬ್ಬರು ಬೆಳಿಗ್ಗೆ ಬೇಗ ಏಳುತ್ತಾರಂತೆ, ಇನ್ನೊಬ್ಬರು ಸಕ್ಕರೆ ಬಿಡುತ್ತಾರಂತೆ. ಕ್ಯಾಮೆರಾ ಹಿಡಿದವರ ಸಂಕಲ್ಪವೇ ಬೇರೆ: ‘ಈ ವರ್ಷ ಹುಲಿ ಸಿಗಬೇಕು’, ‘ದೊಡ್ಡ ಲೆನ್ಸ್ ಕೊಳ್ಳಬೇಕು’, ‘ಸ್ಪರ್ಧೆಯಲ್ಲಿ ಬಹುಮಾನ ಬರಬೇಕು’. ಮೂಡಿಗೆರೆ ಸೀಮೆಯ ಕಾಫಿ ತೋಟಗಳ ನಡುವೆ ಕ್ಯಾಮೆರಾ ನೇತು ಹಾಕಿಕೊಂಡು ಓಡಾಡುವ ನಾನು ಈ ಸಲ ಇಟ್ಟುಕೊಂಡ ಗುರಿ ಒಂದೇ. ವರ್ಷಕ್ಕೆ 36 ಚಿತ್ರ.

ಯಾಕೆ 36? ಮನೆಯ ಹಿರಿಯರನ್ನು ಕೇಳಿ ನೋಡಿ. ರೀಲು ಹಾಕುವ ಕ್ಯಾಮೆರಾ ಇದ್ದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಅಷ್ಟರಲ್ಲೇ ಮದುವೆ, ನಾಮಕರಣ, ಧರ್ಮಸ್ಥಳದ ಪ್ರವಾಸ ಎಲ್ಲ ಮುಗಿಯಬೇಕು. ಒಂದೊಂದು ಕ್ಲಿಕ್ಕಿಗೂ ದುಡ್ಡು. ಪೇಟೆಯ ಸ್ಟುಡಿಯೋದಲ್ಲಿ ತೊಳೆಸಿ ಪ್ರಿಂಟ್ ಬರುವವರೆಗೆ ಏನು ಬಂದಿದೆ, ಏನು ಕೆಟ್ಟಿದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಒತ್ತುವ ಮೊದಲು ಚೆನ್ನಾಗಿ ನೋಡುತ್ತಿದ್ದರು. ಈಗ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ, ಗೋಡೆಯ ಮೇಲೆ ಒಂದೂ ಇಲ್ಲ. ಫೋನು ನೀರಿಗೆ ಬಿದ್ದರೆ ಒಂದಿಡೀ ವರ್ಷವೇ ಹೋಯಿತು!

ನನ್ನ ಲೆಕ್ಕ ಸುಲಭ. ಹನ್ನೆರಡು ತಿಂಗಳು, ತಿಂಗಳಿಗೆ ಮೂರು ಚಿತ್ರ. ಒಂದು ಕಾಡಿನದು, ಒಂದು ದುಡಿಮೆಯದು, ಒಂದು ಮನೆಯದು. ತೆಗೆಯುವುದು ಎಷ್ಟಾದರೂ ಇರಲಿ, ತಿಂಗಳ ಕೊನೆಗೆ ಮೂರನ್ನು ಮಾತ್ರ ಆರಿಸಿ, ಪ್ರಿಂಟ್ ಹಾಕಿಸಿ ಆಲ್ಬಮ್‌ಗೆ ಸೇರಿಸಬೇಕು. ಒಂದು ಷರತ್ತೂ ಇದೆ. ಎಲ್ಲವೂ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳುವಷ್ಟು ದೂರದೊಳಗೇ ಇರಬೇಕು. ಅಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ. ಅಷ್ಟೇ.

ತೋಟದಲ್ಲೇ ಸಿಕ್ಕ ಲೋಕ

ಈ ಷರತ್ತು ಹೊಸದಲ್ಲ. ಇದೇ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಬರೆಯುತ್ತ, ಮೀನು ಹಿಡಿಯುತ್ತ ಬದುಕಿದ ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಳ ಛಾಯಾಗ್ರಾಹಕರೂ ಆಗಿದ್ದರು. ಅವರ ‘ಕನ್ನಡ ನಾಡಿನ ಹಕ್ಕಿಗಳು’, ‘ಮಿಂಚುಳ್ಳಿ’, ‘ಹಕ್ಕಿ ಪುಕ್ಕ’ ಓದಿದ ಎಷ್ಟೋ ಮಕ್ಕಳು ದುರ್ಬೀನು ಹುಡುಕಿಕೊಂಡು ಹೊರಟಿದ್ದುಂಟು. ತಮ್ಮ ‘ನಿರುತ್ತರ’ ತೋಟದ ಸುತ್ತಮುತ್ತಲೇ ಅವರಿಗೆ ಮುಗಿಯದಷ್ಟು ನೋಡುವುದಿತ್ತು. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯಲ್ಲಿ ಎಲ್ಲರೂ ಹುಡುಕಿ ಹೊರಡುವ ಹಾರುವ ಓತಿ ಕೂಡ ನಮ್ಮ ಕಾಡು–ತೋಟಗಳದ್ದೇ ಪ್ರಾಣಿ.

ಜನವರಿಯ ‘ಕಾಡಿನ ಚಿತ್ರ’ಕ್ಕೆ ನಾನು ಆರಿಸಿಕೊಂಡಿರುವುದೂ ಅದನ್ನೇ. ಕಳಸದ ಕಡೆಯ ಅಡಿಕೆ ತೋಟಗಳಲ್ಲಿ ಬಿಸಿಲೇರಿದ ಮೇಲೆ ಮರದ ಕಾಂಡವನ್ನೇ ನೋಡುತ್ತ ಕೂರಬೇಕು. ತೊಗಟೆಯ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸವೇ ಗೊತ್ತಾಗದು. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಬಾವುಟದಂತೆ ಹೊರಚಾಚಿದಾಗಲೇ ಅದು ಅಲ್ಲಿದೆ ಎಂದು ತಿಳಿಯುವುದು. ಅದು ಹಕ್ಕಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಉದ್ದವಾದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಇದಕ್ಕೆ ದೊಡ್ಡ ಲೆನ್ಸಿಗಿಂತ ಹೆಚ್ಚು ಬೇಕಾಗುವುದು ತಾಳ್ಮೆ.

ತಿಂಗಳ ಪಟ್ಟಿ

ಉಳಿದ ತಿಂಗಳುಗಳ ಪಟ್ಟಿಯನ್ನು ಬರೆದುಕೊಡುವುದು ಕಾಫಿ ಗಿಡವೇ. ವರ್ಷದ ಆರಂಭದಲ್ಲಿ ಕೊಯ್ಲು, ಕಣ. ಕೆಂಪು ಹಣ್ಣು ಒಣಗುತ್ತ ಕಪ್ಪಾಗುವುದನ್ನು ಒಂದೇ ಜಾಗದಿಂದ ದಿನಾ ನೋಡಿದರೆ ಅದೇ ಒಂದು ಕಥೆ.

ಆಮೇಲೆ ಹೂಮಳೆಗೆ ಕಾಯುವ ಸಮಯ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದು ಹದವಾದ ಮಳೆ ಬಿದ್ದರೆ 8–10 ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಗಾಳಿ ತುಂಬ ಮಲ್ಲಿಗೆಯಂಥ ಪರಿಮಳ. ಎರಡು ಮೂರು ದಿನದಲ್ಲಿ ಎಲ್ಲ ಬಾಡಿಹೋಗುತ್ತದೆ. ತಪ್ಪಿದರೆ ಮುಂದಿನ ವರ್ಷವೇ. ಹೂ ಅರಳಿದ ದಿನವೇ ಜೋರು ಮಳೆ ಬಂದರಂತೂ ಬೆಳೆಗಾರರ ಮುಖ ನೋಡುವಂತಿರುವುದಿಲ್ಲ. ಇನ್ನೊಂದು ವಿಷಯ ಗೊತ್ತೇ? ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಮಾತ್ರ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರಲು ಗಾಳಿ ಬೇಕು, ಜೇನು ಬೇಕು. ಆದ್ದರಿಂದ ನನ್ನ ಹೂವಿನ ಚಿತ್ರದಲ್ಲಿ ಜೇನು ಇರಲೇಬೇಕು. ಫೋನಿನಲ್ಲಿ ತೆಗೆಯುವವರಿಗೆ ಒಂದು ಕಿವಿಮಾತು: ಬಿಳಿ ಹೂವಿನ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ. ಇಲ್ಲದಿದ್ದರೆ ದಳಗಳೆಲ್ಲ ಸುಣ್ಣ ಬಳಿದಂತೆ ಕಾಣುತ್ತವೆ. ಮಂಜಿನಲ್ಲಿ ಇದಕ್ಕೆ ವಿರುದ್ಧ. ಬೆಳಕು ಸ್ವಲ್ಪ ಹೆಚ್ಚಿಸಬೇಕು.

ಮುಂಗಾರಿನ ಹೊಸ್ತಿಲಲ್ಲಿ ಮಿಂಚುಹುಳುಗಳು. ಇದಕ್ಕೆ ಸ್ಟ್ಯಾಂಡು ಬೇಕು, ಅರ್ಧ ನಿಮಿಷದಷ್ಟು ತೆರೆದಿರುವ ಶಟರ್ ಬೇಕು. ಫ್ಲ್ಯಾಶ್, ಟಾರ್ಚ್ ಎರಡೂ ಬೇಡ. ಅವು ಬೆಳಕಿನಲ್ಲೇ ಜೋಡಿಯನ್ನು ಕರೆಯುತ್ತವೆ. ನಮ್ಮ ಟಾರ್ಚ್ ಹೊತ್ತಿದರೆ ಅವುಗಳ ಮಾತು ಅರ್ಧಕ್ಕೇ ನಿಲ್ಲುತ್ತದೆ. ಜೂನ್ ನಂತರ ಕೊಟ್ಟಿಗೆಹಾರ, ಚಾರ್ಮಾಡಿ ಕಡೆ ಮಳೆಯದ್ದೇ ರಾಜ್ಯ. ಆಗ ಕ್ಯಾಮೆರಾಕ್ಕೂ ಥಂಡಿ! ಲೆನ್ಸಿನೊಳಗೆ ಬೂಷ್ಟು ಹಿಡಿಯದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಮಳೆ ಬಿಟ್ಟ ಮೇಲೆ ಮುಳ್ಳಯ್ಯನಗಿರಿಯ ಹುಲ್ಲುಗಾವಲು. 2022ರಲ್ಲಿ ಅಲ್ಲಿ ನೀಲಕುರಿಂಜಿ ಅರಳಿದಾಗ ಜನಜಾತ್ರೆಯೇ ನೆರೆದಿತ್ತು. ಕುರಿಂಜಿ ಇಲ್ಲದ ವರ್ಷವೂ ಅಲ್ಲಿ ಹುಲ್ಲು ಹೂ ಬಿಡುತ್ತದೆ. ಅದನ್ನು ನೋಡಲು ಯಾರೂ ಬರುವುದಿಲ್ಲ. ನಾನು ಹೋಗುತ್ತೇನೆ, ಕಾಲುದಾರಿ ಬಿಟ್ಟು ಇಳಿಯುವುದಿಲ್ಲ.

ತೆಗೆಯದ ಚಿತ್ರ

ನನ್ನ 36ರಲ್ಲಿ ಹಕ್ಕಿಗೂಡಿನ ಚಿತ್ರ ಇರುವುದಿಲ್ಲ. ಗೂಡು ಚೆನ್ನಾಗಿ ಕಾಣಲೆಂದು ಅಡ್ಡ ಬಂದ ಎರಡು ಎಲೆ ಸರಿಸುತ್ತೇವೆ, ಒಂದು ರೆಂಬೆ ಬಾಗಿಸುತ್ತೇವೆ. ಆ ಎಲೆಗಳೇ ಮರಿಗಳಿಗೆ ಮನೆಯ ಬಾಗಿಲು. ನಮಗೆ ಕಂಡ ಗೂಡು ಕಾಗೆಗೂ ಹಾವಿಗೂ ಕಾಣುತ್ತದೆ. ಕೊಕ್ಕಿನಲ್ಲಿ ಹುಳ ಹಿಡಿದ ತಾಯಿಹಕ್ಕಿ ನಾವು ಹೋಗಲೆಂದು ಕಾಯುತ್ತಿದ್ದರೆ ಒಳಗೆ ಮರಿಗಳು ಹಸಿದಿರುತ್ತವೆ. ಹಕ್ಕಿ ಗಾಬರಿಯಿಂದ ಕೂಗತೊಡಗಿತೆಂದರೆ ನಾವು ತುಂಬ ಹತ್ತಿರ ಬಂದೆವೆಂದೇ ಅರ್ಥ. ಅಲ್ಲಿಂದಲೇ ಹಿಂದೆ ಸರಿಯಬೇಕು. ಗೂಡು ಕಟ್ಟಲು ನಾರು ಹೊತ್ತು ಹಾರುವ ಹಕ್ಕಿಯನ್ನೋ, ಹಾರಲು ಕಲಿತು ಬೇಲಿಯ ಮೇಲೆ ಕುಳಿತ ಮರಿಯನ್ನೋ ದೂರದಿಂದ ತೆಗೆದರೆ ಕಥೆಗೇನೂ ಕೊರತೆಯಾಗದು.

ಮಾಮೂಲಿ ಜಾಗದ ಬೆಲೆ

ಹತ್ತಿರದ ಜಾಗಗಳನ್ನೇ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣ 2019ರ ಆಗಸ್ಟ್. ಆ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳು ಕುಸಿದು, ಮನೆ, ಗದ್ದೆ, ತೋಟಗಳು ಮಣ್ಣಿನಡಿ ಸೇರಿದವು. ತಲೆಮಾರುಗಳಿಂದ ಇದ್ದ ಅಂಗಳ ಒಂದೆರಡು ದಿನದಲ್ಲಿ ಇಲ್ಲವಾಯಿತು. ಜಲಪಾತಕ್ಕೆ ಸಾವಿರ ಚಿತ್ರಗಳಿರುತ್ತವೆ. ಅಂಗಳದ ತುಳಸಿಕಟ್ಟೆಗೆ, ಗದ್ದೆಗೆ ಇಳಿಯುವ ಮೆಟ್ಟಿಲಿಗೆ, ಬಚ್ಚಲೊಲೆಗೆ ಎಷ್ಟು ಮನೆಗಳಲ್ಲಿ ಚಿತ್ರವಿದೆ? ಚಿತ್ರವೊಂದು ಮಣ್ಣನ್ನು ತಡೆಯಲಾರದು, ನಿಜ. ಆದರೆ ‘ನಮ್ಮ ಮನೆ ಹೀಗಿತ್ತು’ ಎಂದು ಮೊಮ್ಮಕ್ಕಳಿಗೆ ತೋರಿಸಲು ಒಂದಾದರೂ ಇರಬೇಡವೇ? ಹಾಗಾಗಿ ‘ಮನೆಯ ಚಿತ್ರ’ದಲ್ಲಿ ಈ ವರ್ಷ ಹಬ್ಬದ ಬಟ್ಟೆಯ ಗುಂಪು ಫೋಟೊ ಕಡಿಮೆ. ಕಡುಬು ಬೇಯಿಸುವ ಒಲೆ, ಅಜ್ಜಿ ಕೂರುವ ಜಗಲಿಯ ಮೂಲೆ, ಹಲಗೆ ಕಿತ್ತ ಹಳೇ ಬಾಗಿಲು ಹೆಚ್ಚು.

‘ದುಡಿಮೆಯ ಚಿತ್ರ’ಕ್ಕೂ ಒಂದು ನಿಯಮ. ಕಾಫಿ ಕೊಯ್ಯುವವರ ಚಿತ್ರ ಕ್ಯಾಲೆಂಡರಿಗೆ, ಪತ್ರಿಕೆಗೆ ಹೋಗುತ್ತದೆ. ಚಿತ್ರದಲ್ಲಿರುವವರ ಕೈಗೆ ಅದು ಬರುವುದು ಅಪರೂಪ. ಮೊದಲು ಕೇಳಿ ತೆಗೆಯಬೇಕು, ಬೇಡವೆಂದರೆ ಕ್ಯಾಮೆರಾ ಇಳಿಸಬೇಕು, ತೆಗೆದರೆ ಒಂದು ಪ್ರಿಂಟ್ ಲೈನ್ ಮನೆಗೆ ತಲುಪಿಸಬೇಕು. ಪ್ರತಿ ಚಿತ್ರದ ಹಿಂದೆ ಹೆಸರು, ಊರು, ದಿನಾಂಕ. ಹೆಸರಿಲ್ಲದ ಹಳೆಯ ಫೋಟೊಗಳನ್ನು ಹಿಡಿದು ‘ಇದು ಯಾರು?’ ಎಂದು ಕೇಳದ ಮನೆ ನಮ್ಮಲ್ಲಿ ಯಾವುದಿದೆ?

ಕೊನೆಯ ಗುರಿ ನನ್ನದೇ. ಫೋಟೊ ತೆಗೆಯುವವರು ಮನೆಯ ಆಲ್ಬಮ್‌ನಲ್ಲಿ ಇರುವುದೇ ಇಲ್ಲ. ಎಲ್ಲ ಚಿತ್ರಗಳಲ್ಲೂ ಅವರು ಕ್ಯಾಮೆರಾದ ಈಚೆಗೇ. ಆದ್ದರಿಂದ ಡಿಸೆಂಬರಿನ ಮನೆಯ ಚಿತ್ರವನ್ನು ತೆಗೆಯುವವಳು ಮಗಳು. ಕೈ ನಡುಗಿದರೂ, ತಲೆ ಕತ್ತರಿಸಿಹೋದರೂ ಸರಿಯೇ, ಅದೇ 36ನೆಯದು.

ನಿಮಗೂ ಮನಸ್ಸಾದರೆ ಇವತ್ತೇ ಶುರು ಮಾಡಬಹುದು. ಅಪ್ಪನ ಫೋನು ಸಾಕು, ದೊಡ್ಡ ಕ್ಯಾಮೆರಾ ಬೇಡ. ಮೊದಲು ಒಂದು ಮರ, ಒಂದು ಕೆಲಸ, ಮನೆಯ ಒಂದು ಮೂಲೆ ಆರಿಸಿಕೊಳ್ಳಿ. ತಿಂಗಳ ಕೊನೆಗೆ ಮೂರು ಪ್ರಿಂಟ್ ಹಾಕಿಸಿ, ಹಿಂದೆ ದಿನಾಂಕ ಬರೆಯಲು ಮರೆಯಬೇಡಿ.