ಕಣ್ಣು ಕಟ್ಟಿ ಓದುವ ಮಕ್ಕಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಗಳಿಂದ ನಮ್ಮಲ್ಲಿಗೆ ಬರುವ ಪಾಲಕರಲ್ಲಿ ಕೆಲವರು ಕೇಳುವ ಪ್ರಶ್ನೆಯಿದು: ಮಗುವನ್ನು ‘ಮಿಡ್‌ಬ್ರೈನ್ ಆಕ್ಟಿವೇಶನ್’ ತರಗತಿಗೆ ಸೇರಿಸಬಹುದೇ? ಮಲಗಿರುವ ನಡುಮಿದುಳನ್ನು ಎಬ್ಬಿಸಿದರೆ ಮಗುವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದಬಲ್ಲದೆಂಬುದು ಅದನ್ನು ನಡೆಸುವವರ ಪ್ರತಿಪಾದನೆ. ಶುಲ್ಕವಂತೂ ಸಾವಿರಾರು ರೂಪಾಯಿ.

ನಡುಮಿದುಳು ಸುಮಾರು 2 ಸೆಂ.ಮೀ. ಉದ್ದದ ಭಾಗ. ಕಣ್ಣುಗುಡ್ಡೆಗಳ ಚಲನೆ, ಬೆಳಕಿಗೆ ಪಾಪೆ ಕಿರಿದಾಗುವುದು ಮೊದಲಾದವು ಅದರ ಕಾರ್ಯಗಳು. ಆರೋಗ್ಯವಂತ ಮಗುವಿನಲ್ಲಿ ಅದು ಹುಟ್ಟಿನಿಂದಲೇ ಎಚ್ಚರವಾಗಿರುತ್ತದೆ. ಇಲ್ಲವಾದರೆ ಆ ಮಗುವನ್ನು ಒಯ್ಯಬೇಕಾದುದು ತರಗತಿಗಲ್ಲ, ಆಸ್ಪತ್ರೆಗೆ. ಆತ್ಮ, ಇಂದ್ರಿಯ, ಮನಸ್ಸು, ವಿಷಯ ಇವು ಕೂಡಿದಾಗಲೇ ಪ್ರತ್ಯಕ್ಷಜ್ಞಾನವೆಂದು ಚರಕಸಂಹಿತೆಯೂ ಹೇಳುತ್ತದೆ.

ಹಾಗಾದರೆ ಮಗು ಓದುವುದು ಹೇಗೆ? ಬಟ್ಟೆ ಎಷ್ಟೇ ಬಿಗಿಯಾಗಿದ್ದರೂ ಮೂಗಿನ ಎರಡು ಪಕ್ಕಗಳಲ್ಲಿ ಸಂದು ಉಳಿಯುತ್ತದೆ. ಮಗು ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಪುಸ್ತಕವನ್ನು ಗಲ್ಲದ ಕೆಳಗೆ ಹಿಡಿಯುತ್ತದೆ. ಆ ಸಂದನ್ನು ಹತ್ತಿಯಿಂದ ಮುಚ್ಚಿದರೆ ಅಥವಾ ಪುಸ್ತಕವನ್ನು ಹಣೆಯ ಮಟ್ಟಕ್ಕೆ ಎತ್ತಿದರೆ ಓದು ನಿಲ್ಲುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಈ ಚಮತ್ಕಾರದ ಗುಟ್ಟನ್ನು ಬಹಿರಂಗವಾಗಿಯೇ ತೋರಿಸಿಕೊಟ್ಟಿದ್ದಾರೆ.

ಅಸಾಧಾರಣ ಬುದ್ಧಿಶಕ್ತಿಯೇ ಸುಳ್ಳೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರೆಂಬ ದಾಖಲೆಯ ಕುರಿತು ತಕರಾರುಗಳೆದ್ದವು. ಆದರೂ ಉತ್ತರವನ್ನು ಯಾರು ಬೇಕಾದರೂ ತಾಳೆ ನೋಡಬಹುದಾಗಿತ್ತು.

ನಮ್ಮ ಸೀಮೆಯ ಹಿರಿಯರಿಗೆ ಪಾಂಡವಪುರದ ಬಾಲಕನ ಪ್ರಕರಣ ನೆನಪಿದ್ದೀತು. ಶೂನ್ಯದಿಂದ ವಿಭೂತಿ ತೆಗೆಯುವನೆಂದು ಪ್ರಸಿದ್ಧನಾಗಿದ್ದ ಅವನನ್ನು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರ ಸಮಿತಿ ಪರೀಕ್ಷಿಸಿತು. ವಿಭೂತಿ ಅವನ ಉಡುಪಿನೊಳಗೇ ಇತ್ತು. ವಯಸ್ಸು ಏಳರ ಆಸುಪಾಸು. ಜನ ವಂಚನೆಯನ್ನು ಕುರಿತು ಮಾತನಾಡಿದರು. ಅಷ್ಟು ಎಳೆಯ ಮಗು ಆ ಗುಟ್ಟನ್ನು ಹೊತ್ತು ಹೇಗೆ ನಿದ್ರಿಸುತ್ತಿತ್ತೆಂದು ಕೇಳಿದವರು ವಿರಳ.

ಅದು ನಮಗೆ ಮನವರಿಕೆಯಾದುದು ಕೆ.ಆರ್.ಪೇಟೆ ಕಡೆಯ ಒಬ್ಬ ಹುಡುಗನಿಂದ. ಹೊಟ್ಟೆನೋವು, ನಿದ್ರಾಭಂಗ, ಶಂಖಪುಷ್ಪಿ ಕೊಡಿರೆಂದು ತಾಯಿಯ ಕೋರಿಕೆ. ಆಕೆ ಹೊರಗೆ ಹೋದೊಡನೆ ಹುಡುಗ ಮೆಲ್ಲನೆ ಹೇಳಿದ: “ಮೂಗಿನ ಪಕ್ಕದಲ್ಲಿ ಕಾಣ್ತದೆ ತಾತ. ಅಮ್ಮಂಗೆ ಹೇಳ್ಬೇಡಿ, ದುಡ್ಡು ಕಟ್ಟವ್ರೆ.” ನಾವಿಬ್ಬರೂ ಸೇರಿಯೇ ಹೇಳೋಣವೆಂದು ಅವನನ್ನು ಒಪ್ಪಿಸಿದೆವು. ತಾಯಿ ಬೈಯಲಿಲ್ಲ, ಅತ್ತರು. ಔಷಧಿ ಕೊಡದೆ ಕಣ್ಣಿನ ಪರೀಕ್ಷೆಗೆ ಕಳುಹಿಸಿದೆವು. ಏಕೆಂದರೆ ಗೋಡೆಯ ಕ್ಯಾಲೆಂಡರನ್ನು ಅವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಈಗ ಅವನಿಗೆ ಕನ್ನಡಕ ಬಂದಿದೆ.