ಉಪ್ಪಿನ ಪ್ಯಾಕೆಟ್ಟಿನ ಮೇಲೆ 'ಫೆರೋಸೈನೈಡ್': ಹಾಗಂದ್ರೇನು?

ಠಾಣೆ, ಡೊಂಬಿವ್ಲಿ, ಕಲ್ಯಾಣದ ಕನ್ನಡ ಗ್ರೂಪುಗಳಲ್ಲಿ ಆಗಾಗ ಬರೋ ಫಾರ್ವರ್ಡ್ ಒಂದಿದೆ: 'ಪ್ಯಾಕೆಟ್ ಉಪ್ಪಿನಲ್ಲಿ ಸೈನೈಡ್ ಇದೆ, ಮಕ್ಕಳಿಗೆ ಕೊಡಬೇಡಿ.' 2016ರ ಮೇ, 2024ರ ಮೇ ಎರಡರಲ್ಲೂ ಡೊಂಬಿವ್ಲಿ ಎಂಐಡಿಸಿಯ ಸ್ಫೋಟ ಕಂಡ ಊರಿದು. ಕೆಮಿಕಲ್ ಹೆಸರು ಕೇಳಿದ್ರೆ ಇಲ್ಲಿನವರು ಬೆಚ್ಚೋದು ಸಹಜವೇ.

ಮೊದಲು ಹೆಸರು ನೋಡೋಣ. 'ಫೆರೋ' ಬಂದಿದ್ದು ಕಬ್ಬಿಣದ ಲ್ಯಾಟಿನ್ ಹೆಸರು 'ಫೆರಮ್'ನಿಂದ. 'ಸೈನೈಡ್'ನ ಮೂಲ ಗ್ರೀಕಿನ 'ಕ್ಯಾನೋಸ್', ಅಂದ್ರೆ ಕಡುನೀಲಿ. ವಿಷಕ್ಕೂ ನೀಲಿಗೂ ಏನು ಸಂಬಂಧ? ಸುಮಾರು 1706ರಲ್ಲಿ ಬರ್ಲಿನ್‌ನ ಡೀಸ್‌ಬಾಖ್ ಕೆಂಪು ಬಣ್ಣ ಮಾಡಲು ಹೊರಟಿದ್ದ. ಪ್ರಾಣಿಜನ್ಯ ಎಣ್ಣೆ ಸೇರಿ ಕೆಟ್ಟಿದ್ದ ಪೊಟ್ಯಾಶ್ ಬಳಸಿದ್ದಕ್ಕೆ ಬಂದಿದ್ದು ನೀಲಿ. ಅದೇ ಪ್ರಷಿಯನ್ ಬ್ಲೂ. 1782ರಲ್ಲಿ ಶೀಲೆ ಆ ನೀಲಿಯಿಂದ ಒಂದು ಆಮ್ಲ ತೆಗೆದ, ಅದು ಘೋರ ವಿಷ. ಅಂದ್ರೆ ಬಣ್ಣ ಮೊದಲು, ವಿಷ ಆಮೇಲೆ. ಬಣ್ಣದ ಹೆಸರೇ ವಿಷಕ್ಕೆ ಅಂಟಿಕೊಂಡಿತು.

ಫೆರೋಸೈನೈಡ್‌ನಲ್ಲಿ ಒಂದು ಕಬ್ಬಿಣದ ಸುತ್ತ ಆರು ಸೈನೈಡ್ ಗುಂಪುಗಳಿವೆ. ಕಬ್ಬಿಣ ಅವನ್ನು ಬಿಗಿಯಾಗಿ ಹಿಡಿದಿರುತ್ತೆ. ಬಿಡುಗಡೆ ಆಗಬೇಕಾದ್ರೆ ಬಲವಾದ ಆಮ್ಲದಲ್ಲಿ ಕಾಯಿಸಬೇಕು, ಇಲ್ಲವೇ ನೂರಾರು ಡಿಗ್ರಿ ಶಾಖ ಬೇಕು. ಸಾರು ಕುದಿಯೋದು ನೂರರ ಆಸುಪಾಸಿನಲ್ಲಿ. ಸೋಡಿಯಂ, ಕ್ಲೋರಿನ್ ಬೇರೆಬೇರೆಯಾಗಿ ಅಪಾಯಕಾರಿ, ಸೇರಿದ್ರೆ ಅದೇ ಉಪ್ಪು, ಅಲ್ವಾ? ಇನ್ನೂ ವಿಚಿತ್ರ ಅಂದ್ರೆ, 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ವಿಕಿರಣಶೀಲ ಸೀಸಿಯಂ ಮೈಗೆ ಹೊಕ್ಕವರಿಗೆ ಇದೇ ಪ್ರಷಿಯನ್ ಬ್ಲೂ ನುಂಗಿಸಿ ಚಿಕಿತ್ಸೆ ಕೊಟ್ಟರು.

'ಫೆರೋ' ಅಂದ್ರೆ ಕಬ್ಬಿಣದ ಆವೇಶ ಎರಡು, 'ಫೆರಿ' ಅಂದ್ರೆ ಮೂರು. ಈ ಎರಡನೆಯದನ್ನು ಬಳಸಿಯೇ 1842ರಲ್ಲಿ ಜಾನ್ ಹರ್ಷಲ್ ನೀಲಿ ಮುದ್ರಣ ಕಂಡುಹಿಡಿದದ್ದು. ಐರೋಲಿಯ ಆಫೀಸಿನಲ್ಲಿ ಕೂತು ನಾವು ದಿನಾ 'ಬ್ಲೂಪ್ರಿಂಟ್' ಅಂತೀವಲ್ಲ, ಅದರ ಮೂಲ ಇಲ್ಲಿದೆ.

ಇಷ್ಟಾಗಿ ಉಪ್ಪಿಗೆ ಯಾಕೆ ಹಾಕ್ತಾರೆ? ಹರಳುಗಳು ಒಂದಕ್ಕೊಂದು ಅಂಟಿ ಗಂಟಾಗಬಾರದು ಅಂತ. ನಮ್ಮ ಮಳೆಗಾಲ ಗೊತ್ತಲ್ಲ! ಭಾರತದಲ್ಲಿ ಮಿತಿ ಕಿಲೋಗೆ 10 ಮಿಲಿಗ್ರಾಂ. ಪ್ಯಾಕೆಟ್ ತಿರುಗಿಸಿ ನೋಡಿ, 536 ಅಂತಿದ್ರೆ ಪೊಟ್ಯಾಸಿಯಂ ಫೆರೋಸೈನೈಡ್, 551 ಅಂದ್ರೆ ಸಿಲಿಕಾ. ಎರಡೂ ಬೇಡ ಅನ್ನೋರಿಗೆ ಕಲ್ಲುಪ್ಪು ಇದ್ದೇ ಇದೆ. ಅಯೋಡಿನ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.