ಕುದುರೆಯ ಗೋರಿಯ ಮೇಲಿದ್ದ ರಾಣಿ

ಷಿಕಾಗೋದ ಅಂಚಿನಲ್ಲಿರುವ ಫಾರೆಸ್ಟ್ ಪಾರ್ಕ್‌ನಲ್ಲಿ ಹಿಂದೆ ಒಂದು ರೇಸ್‌ಕೋರ್ಸ್ ಇತ್ತು. ಅದರ ಮಾಲೀಕ ಜಾನ್ ಕಾಂಡನ್ ದೊಡ್ಡ ಜೂಜುಕೋರ. ಊರವರ ಬಾಯಲ್ಲಿ ‘ಕುರುಡ ಜಾನ್’. ಅವನಿಗೆ ಕ್ಲಿಯೋಪಾತ್ರ ಎಂಬ ಕುದುರೆಯೆಂದರೆ ಪ್ರಾಣ. ಅದು ಸತ್ತಾಗ ಅಲ್ಲೇ ಹೂಳಿಸಿ, ಗೋರಿಯ ಮೇಲೆ ಅಮೃತಶಿಲೆಯ ದೊಡ್ಡದೊಂದು ವಿಗ್ರಹ ತಂದು ಕೂರಿಸಿದ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಸಿಂಹಾಸನದಲ್ಲೇ ಸತ್ತು ಒರಗಿರುವ ಶಿಲ್ಪ ಅದು. ಅದಕ್ಕೂ ಮೊದಲು ಅದು ಷಿಕಾಗೋದ ಕ್ಲಾರ್ಕ್ ಸ್ಟ್ರೀಟಿನ ಒಂದು ಹೆಂಡದಂಗಡಿಯಲ್ಲಿತ್ತು.

ರೇಸ್ ನಿಂತಿತು. ಆ ಜಾಗಕ್ಕೆ ಗಾಲ್ಫ್ ಮೈದಾನ ಬಂತು, ಆಮೇಲೆ ನೌಕಾಪಡೆಯ ಶಸ್ತ್ರಾಸ್ತ್ರ ಕಾರ್ಖಾನೆ, ಕೊನೆಗೆ ಅಂಚೆ ಇಲಾಖೆಯ ಕಟ್ಟಡ. ರಾಣಿ ಮಾತ್ರ ಮಳೆ, ಹಿಮ, ಬಿಸಿಲಿಗೆ ಮೈಯೊಡ್ಡಿ ಅಲ್ಲೇ ಕೂತಿದ್ದಳು. 1970ರ ದಶಕದಲ್ಲಿ ಗುತ್ತಿಗೆದಾರರು ಅವಳನ್ನೆತ್ತಿ ಪಕ್ಕದ ಸಿಸೆರೋದಲ್ಲಿ ಯಂತ್ರ, ಸಾಮಾನು ರಾಶಿ ಹಾಕುವ ಅಂಗಳಕ್ಕೆ ಸಾಗಿಸಿದರು. ಅಗ್ನಿಶಾಮಕ ಇಲಾಖೆಯ ಇನ್‌ಸ್ಪೆಕ್ಟರ್ ಹೆರಾಲ್ಡ್ ಆಡಮ್ಸ್ ಕಣ್ಣಿಗೆ ಬಿದ್ದಿದ್ದು ಅಲ್ಲಿ. ಅವರಿಗೆ ಅಯ್ಯೋ ಅನ್ನಿಸಿತು. ಸ್ಕೌಟ್ ಹುಡುಗರನ್ನು ಸೇರಿಸಿ ಶಿಲ್ಪಕ್ಕೆ ಬಣ್ಣ ಬಳಿಸಿದರು! ಕಲಾತಜ್ಞರು ಹೌಹಾರುವ ಕೆಲಸ, ನಿಜ. ಆದರೆ ಅಷ್ಟು ವರ್ಷಗಳಲ್ಲಿ ಆ ಕಲ್ಲಿನ ಬಗ್ಗೆ ಮರುಗಿದವರು ಅವರೊಬ್ಬರೇ ಇರಬೇಕು.

ಅದನ್ನು ಕೆತ್ತಿದವಳು ಎಡ್ಮೋನಿಯಾ ಲೂಯಿಸ್. ಶಿಲ್ಪಿಯಾಗಿ ಅಂತರರಾಷ್ಟ್ರೀಯ ಹೆಸರು ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ.

1844ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಗ್ರೀನ್‌ಬುಷ್‌ನಲ್ಲಿ ಹುಟ್ಟಿದಳು. ತಂದೆ ಕಪ್ಪು ಜನಾಂಗದವನು, ತಾಯಿಯದು ಒಜಿಬ್ವೆ ಮೂಲನಿವಾಸಿ ನಂಟು. ಎಳವೆಯಲ್ಲೇ ಇಬ್ಬರೂ ತೀರಿಕೊಂಡರು. ಚಿಕ್ಕಮ್ಮಂದಿರ ಜೊತೆ ನಯಾಗರಾ ಜಲಪಾತದ ಬಳಿ ಬುಟ್ಟಿ, ತೊಗಲಿನ ಮೆಟ್ಟು ಮಾಡಿ ಪ್ರವಾಸಿಗರಿಗೆ ಮಾರುತ್ತ ಬೆಳೆದಳು. ಓದಿಸಿದ್ದು ಅಣ್ಣ ಸ್ಯಾಮ್ಯುಯೆಲ್.

ಅವನ ದುಡ್ಡಿನಲ್ಲಿ 1859ರಲ್ಲಿ ಓಹಾಯೋದ ಓಬರ್ಲಿನ್ ಕಾಲೇಜು ಸೇರಿದಳು. ಕಪ್ಪು ಜನರಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದ್ದ ಕಾಲೇಜು ಎಂಬ ಹೆಗ್ಗಳಿಕೆ ಅದರದು. 1862ರ ಚಳಿಗಾಲದಲ್ಲಿ ಜೊತೆಗಿದ್ದ ಇಬ್ಬರು ಬಿಳಿಯ ಹುಡುಗಿಯರು ಆಕೆ ಕೊಟ್ಟ ಮಸಾಲೆ ವೈನ್ ಕುಡಿದು ಕಾಯಿಲೆ ಬಿದ್ದರು. ವಿಷ ಹಾಕಿದಳೆಂದು ಗುಲ್ಲಾಯಿತು. ಒಂದು ರಾತ್ರಿ ಯಾರೋ ಆಕೆಯನ್ನು ಎಳೆದೊಯ್ದು, ಬಡಿದು, ಬಯಲಲ್ಲಿ ಬಿಸಾಡಿ ಹೋದರು. ಹೊಡೆದವರ ಮೇಲೆ ಕೇಸಾಗಲಿಲ್ಲ, ಕೋರ್ಟಿನಲ್ಲಿ ನಿಂತವಳು ಹೊಡೆಸಿಕೊಂಡವಳು. ಕಪ್ಪು ಜನಾಂಗದ ವಕೀಲ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಆಕೆಯ ಪರ ವಾದಿಸಿದರು. ಹುಡುಗಿಯರ ಹೊಟ್ಟೆಯಲ್ಲಿದ್ದುದನ್ನು ಯಾರೂ ಪರೀಕ್ಷೆ ಮಾಡಿಸಿಯೇ ಇರಲಿಲ್ಲ. ಕೇಸು ಬಿದ್ದುಹೋಯಿತು. ಆದರೂ ಕಾಟ ತಪ್ಪಲಿಲ್ಲ. ಮುಂದೆ ಚಿತ್ರಕಲೆಯ ಸಾಮಗ್ರಿ ಕದ್ದಳೆಂಬ ದೂರು ಬಂತು. ಅದೂ ನಿಲ್ಲಲಿಲ್ಲ, ಆದರೆ ಡಿಗ್ರಿ ಕೈಗೆ ಸಿಗದೆಯೇ ಓಬರ್ಲಿನ್ ಬಿಡಬೇಕಾಯಿತು.

ಬಾಸ್ಟನ್ನಿನಲ್ಲಿ ಎಡ್ವರ್ಡ್ ಬ್ರಾಕೆಟ್ ಎಂಬ ಶಿಲ್ಪಿಯ ಬಳಿ ಪಾಠವಾಯಿತು. ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ತುಕಡಿಯನ್ನು ಮುನ್ನಡೆಸಿ ಮಡಿದ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಅವರ ಎದೆಮಟ್ಟದ ಪ್ರತಿಮೆ ಮಾಡಿದಳು. ಅದರ ಪ್ಲಾಸ್ಟರ್ ಪ್ರತಿಗಳು ಎಷ್ಟು ಖರ್ಚಾದವೆಂದರೆ, ಆ ಹಣದ ಬಲದಲ್ಲೇ ರೋಮ್‌ಗೆ ಹಡಗು ಹತ್ತಿದಳು.

ರೋಮ್‌ನಲ್ಲಿ ಆಗ ಅಮೆರಿಕದ ಮಹಿಳಾ ಶಿಲ್ಪಿಗಳ ಒಂದು ಗುಂಪೇ ಇತ್ತು. ಅಲ್ಲಿನ ರೂಢಿಯೆಂದರೆ ಕಲಾವಿದ ಜೇಡಿಮಣ್ಣಿನಲ್ಲಿ ಮಾದರಿ ಮಾಡಿಕೊಡುವುದು, ಇಟಲಿಯ ಕಲ್ಲುಕುಟಿಗರು ಅಮೃತಶಿಲೆಯಲ್ಲಿ ಕೆತ್ತುವುದು. ಯಾರೂ ಅದನ್ನು ಕೀಳೆಂದು ಎಣಿಸುತ್ತಿರಲಿಲ್ಲ. ಎಡ್ಮೋನಿಯಾ ಮಾತ್ರ ಬಹುಪಾಲು ಕೆಲಸವನ್ನು ತಾನೇ ಉಳಿ ಹಿಡಿದು ಮಾಡಿದಳು. ಕೂಲಿಗೆ ದುಡ್ಡಿರಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು, ಇದನ್ನು ಇವಳು ಮಾಡಿದ್ದಲ್ಲ ಎಂದು ಜನ ಹೇಳಿಬಿಟ್ಟಾರು ಎಂಬ ಅಳುಕು. ಓಬರ್ಲಿನ್ ಕಲಿಸಿದ ಪಾಠ ಅದು ಎನ್ನಬಹುದೇನೋ. ಸಂಕೋಲೆ ಕಳಚಿದ ಕೈ ಮೇಲೆತ್ತಿ ನಿಂತ ಗಂಡು, ಪಕ್ಕದಲ್ಲಿ ಮೊಣಕಾಲೂರಿದ ಹೆಣ್ಣು: 1867ರ ‘ಫಾರೆವರ್ ಫ್ರೀ’ ಹುಟ್ಟಿದ್ದು ಹೀಗೆ. ಅದು ಈಗ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿದೆ.

‘ಕ್ಲಿಯೋಪಾತ್ರಳ ಸಾವು’ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನಕ್ಕೆಂದು ಕೆತ್ತಿದ್ದು. ತೂಕ ಸುಮಾರು 1,370 ಕೆ.ಜಿ. ಆ ಕಾಲದ ಬೇರೆ ಶಿಲ್ಪಿಗಳ ಕ್ಲಿಯೋಪಾತ್ರ ಸಾವನ್ನು ನೆನೆಯುತ್ತ ಗಂಭೀರವಾಗಿ, ಚೆಂದವಾಗಿ ಕೂತಿರುತ್ತಿದ್ದಳು. ಇವಳ ಕ್ಲಿಯೋಪಾತ್ರ ಸತ್ತೇಹೋಗಿದ್ದಾಳೆ. ಕತ್ತು ಹಿಂದಕ್ಕೆ ವಾಲಿದೆ, ಎಡಗೈ ಜೋತುಬಿದ್ದಿದೆ, ಬಲಗೈಯಲ್ಲಿ ಇನ್ನೂ ಹಾವು. ಕೆಲವರು ಹೇಸಿದರು, ಕೆಲವರು ಬೆರಗಾದರು. ಕೊಳ್ಳುವವರು ಯಾರೂ ಬರಲಿಲ್ಲ. 1878ರಲ್ಲಿ ಷಿಕಾಗೋದಲ್ಲೂ ಪ್ರದರ್ಶನವಾಯಿತು. ಅಷ್ಟು ಭಾರವನ್ನು ರೋಮ್‌ಗೆ ವಾಪಸು ಒಯ್ಯಲಾಗದೆ ಅಲ್ಲೇ ಬಿಟ್ಟುಬಿಟ್ಟಳು.

ಆಕೆ ಕೆತ್ತುತ್ತಿದ್ದ ನವಶಾಸ್ತ್ರೀಯ ಶೈಲಿಗೆ ಬೇಡಿಕೆ ಇಳಿಯಿತು, ಎಡ್ಮೋನಿಯಾ ಸುದ್ದಿಯಿಂದ ಸರಿದಳು. ಎಲ್ಲಿ ಸತ್ತಳೆಂಬುದು ಕೂಡ ಬಹುಕಾಲ ಗೊತ್ತಿರಲಿಲ್ಲ. ಆಕೆಯ ಗುರುತುಗಳನ್ನು ಪತ್ತೆ ಹಚ್ಚಿದ್ದು ಮರಿಲಿನ್ ರಿಚರ್ಡ್‌ಸನ್ ಎಂಬ ವಿದ್ವಾಂಸೆ. ಕ್ಲಿಯೋಪಾತ್ರಳ ಜಾಡು ಹಿಡಿದು ಹೊರಟವರು ಫಾರೆಸ್ಟ್ ಪಾರ್ಕ್ ತಲುಪಿದರು. ಅಷ್ಟರಲ್ಲಿ ಅಲ್ಲಿನ ಇತಿಹಾಸ ಸಂಘದ ವಶಕ್ಕೆ ಬಂದಿದ್ದ ಶಿಲ್ಪ 1994ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ಸೇರಿತು. ಬಣ್ಣ ಕಳೆದು, ಸವೆದ ಕಡೆ ದುರಸ್ತಿ ಮಾಡಿದರು. ಮುಂದೆ ಎಡ್ಮೋನಿಯಾಳ ಗೋರಿಯನ್ನೂ ರಿಚರ್ಡ್‌ಸನ್ ಹುಡುಕಿದರು. 1907ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಆಕೆ ಕೆನ್ಸಲ್ ಗ್ರೀನ್‌ನ ಸೇಂಟ್ ಮೇರೀಸ್ ಸ್ಮಶಾನದಲ್ಲಿ ಮಣ್ಣಾಗಿದ್ದಳು. ಕುದುರೆಯ ಗೋರಿಗೆ ಕಾವಲಿದ್ದದ್ದು ಆಕೆಯ ಅತಿ ದೊಡ್ಡ ಶಿಲ್ಪ. ಆಕೆಯ ಗೋರಿಯನ್ನು ಜನ ಚಂದಾ ಎತ್ತಿ ಸರಿಪಡಿಸಿದ್ದು 2017ರಲ್ಲಿ.

2022ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಚೀಟಿ ತಂದಿತು. ಕ್ಲಿಯೋಪಾತ್ರ ಬಿಸಿಲಲ್ಲಿ ಕೂತಿದ್ದ ಆವರಣವೂ ಒಂದು ಕಾಲಕ್ಕೆ ಇದೇ ಇಲಾಖೆಯದಾಗಿತ್ತು. ಅದೇ ವರ್ಷ ಓಬರ್ಲಿನ್ ಕಾಲೇಜು ಆಕೆಯ ಡಿಗ್ರಿಯನ್ನೂ ಕೊಟ್ಟಿತು. ಮಕ್ಕಳ ಮನೆಗೆಂದೋ ಕೆಲಸಕ್ಕೆಂದೋ ವಾಷಿಂಗ್ಟನ್ ಕಡೆ ಹೋಗುವವರು ಸ್ಮಿತ್ಸೋನಿಯನ್‌ನಲ್ಲಿ ಎಡ್ಮೋನಿಯಾ ಲೂಯಿಸ್ ಹೆಸರು ಕೇಳಿ ನೋಡಿ. ಒಳಗೆ ಹೋಗಲು ಟಿಕೆಟ್ಟಿಲ್ಲ.